ಯಾವ ಸೂಜಿ

ಆಶಾ ಕಾರ್ಯಕರ್ತೆ ಮಂಗಳಾಗೆ ತನ್ನೂರಿನ ಜನರ ಬಗ್ಗೆ ಹದಿನಾಲ್ಕು ವರ್ಷದಿಂದ ಒಂದೇ ಅಭಿಪ್ರಾಯ: ತಲೆಯಲ್ಲಿರುವುದು ಬರೀ ಜೇಡಿಮಣ್ಣು. ಮಾತ್ರೆ ಕೊಟ್ಟರೆ ತೊಲೆ ಸಂದಿಗೆ ಸಿಕ್ಕಿಸುತ್ತಾರೆ, ಆಸ್ಪತ್ರೆಗೆ ಹೊರಡಿ ಎಂದರೆ ರಾಹುಕಾಲ ನೋಡುತ್ತಾರೆ. ಆದರೂ ಬೈದು, ಗದರಿ, ಎಷ್ಟೋ ಬಸುರಿಯರನ್ನು ಹೆರಿಗೆಗೆ ಆಸ್ಪತ್ರೆ ಮುಟ್ಟಿಸಿದವಳು ಅವಳೇ. ಅದಕ್ಕೇ ಊರು ಅವಳ ನಾಲಿಗೆಯನ್ನು ಸಹಿಸಿಕೊಂಡಿತ್ತು.

ಮಧುಗಿರಿ ಬಸ್‌ಸ್ಟ್ಯಾಂಡಿನ ಹಿಂದೆ ಗೌರೀಶ್ ಎಂಬುವನು ಅಕ್ಯುಪಂಕ್ಚರ್ ಬೋರ್ಡು ಹಾಕಿದ ಮೇಲಂತೂ ಆ ನಾಲಿಗೆಗೆ ಹಬ್ಬ. ಬಸುರಿಯರ ಸೊಂಟನೋವು, ಬಾಣಂತಿಯರ ಬೆನ್ನುನೋವು, ಎಲ್ಲಕ್ಕೂ ಅವನದು ಕೂದಲಿನಷ್ಟು ಸಣ್ಣ ಸೂಜಿ.

"ಪಂಕ್ಚರ್ ಹಾಕೋನು ಬಂದವ್ನೆ ಕಣ್ರೇ," ಎಂದು ಮಂಗಳಾ ಅಂಗನವಾಡಿ ಮುಂದೆ ಸಾರಿದಳು. "ಸಿದ್ದರಬೆಟ್ಟದಾಗೆ ಬೇರು ಮಾರೋರೇ ಇವ್ನಿಗಿಂತ ವಾಸಿ. ಒಂದಿನ ಯಾರ್ನಾದ್ರೂ ಮಲಗಿಸ್ಬುಡ್ತಾನೆ, ನೋಡ್ತಿರಿ."

ಕಮಲಾಕ್ಷಮ್ಮನ ಸೊಸೆ ಯಶಸ್ವಿನಿಗೆ ಏಳನೇ ತಿಂಗಳಲ್ಲಿ ರಕ್ತ ತೀರಾ ಕಡಿಮೆಯಿತ್ತು. ಮಧುಗಿರಿ ಆಸ್ಪತ್ರೆಯ ಡಾಕ್ಟರು ಕಬ್ಬಿಣಾಂಶದ ಇಂಜೆಕ್ಷನ್ ಐದು ಸಲ ಹಾಕಿಸಲು ಬರೆದರು. ಹೆರಿಗೆಯೊಳಗೆ ರಕ್ತ ಏರದಿದ್ದರೆ ಜೀವಕ್ಕೇ ಅಪಾಯವೆಂದು ಮಂಗಳಾ ಅತ್ತೆಯನ್ನು ಕೂರಿಸಿಕೊಂಡು ಹೇಳಿದಳು. ಇಂಜೆಕ್ಷನ್ ಅನ್ನಲಿಲ್ಲ, ಊರಲ್ಲಿ ಯಾರೂ ಅನ್ನುವುದಿಲ್ಲ. "ಮಧುಗಿರಿಗೆ ಹೋಗಿ ಐದು ಸೂಜಿ ಹಾಕ್ಸಿ," ಎಂದಳು.

ಆಮೇಲೆ ವಾರವಾರವೂ ಗೇಟಿನಾಚೆಯಿಂದಲೇ ಕೂಗುವಳು: "ಸೂಜಿ ಆಯ್ತಾ?"

"ಆಯ್ತು ಕಣಮ್ಮ. ಸೊಂಟನೋವೂ ಇಳೀತು."

ಕಬ್ಬಿಣದ ಸೂಜಿಗೆ ಸೊಂಟನೋವು ಯಾಕೆ ಇಳಿಯಬೇಕು? ಮಂಗಳಾ ಕೇಳಲಿಲ್ಲ. ದಡ್ಡರ ಮಾತಿಗೆಲ್ಲ ಅರ್ಥ ಹುಡುಕುವ ಪುರುಸೊತ್ತು ಅವಳಿಗೆಲ್ಲಿ? ತಾಯಿ ಕಾರ್ಡನ್ನು ಕಾಂಪೌಂಡಿನ ಮೇಲಿಟ್ಟು ಟಿಕ್ ಹಾಕಿ ಮುಂದಿನ ಮನೆಗೆ ನಡೆಯುವಳು.

ಒಂಬತ್ತನೇ ತಿಂಗಳಲ್ಲಿ ಪರೀಕ್ಷೆ ಮಾಡಿದರೆ ರಕ್ತ ಆರಕ್ಕಿಳಿದಿತ್ತು. ಐದು ಸೂಜಿ ಏನಾಯಿತೆಂದು ಕೇಳಿದಾಗ ಕಮಲಾಕ್ಷಮ್ಮ, "ಗೌರೀಶನ ತಾವ ಐದೂ ಹಾಕ್ಸಿದ್ವಲ್ಲ," ಎಂದಳು. ಯಶಸ್ವಿನಿಯನ್ನು ತುಮಕೂರಿನ ಆಂಬುಲೆನ್ಸ್ ಹತ್ತಿಸಿದವಳೇ ಮಂಗಳಾ ನೆಟ್ಟಗೆ ಬಸ್‌ಸ್ಟ್ಯಾಂಡಿನ ಹಿಂದಕ್ಕೆ ಹೋದಳು.

"ಏನಪ್ಪಾ ಡಾಕ್ಟ್ರೇ, ರಕ್ತಾನೂ ಏರುಸ್ತೀಯಾ ನಿನ್ನ ಸೂಜೀಲಿ?"

ಗೌರೀಶ್ ಎದ್ದು ನಿಂತ. "ಅಕ್ಕ, ನಾನು ಸೊಂಟನೋವಿಗೆ ಮಾತ್ರ ಚುಚ್ಚಿದ್ದು. ರಕ್ತದ ಇಂಜೆಕ್ಷನ್ ಬಿಡಬೇಡಿ ಅಂತ ಮೊದಲ ದಿನವೇ ಹೇಳಿದ್ದೆ. ಆಮೇಲೆ ವಾರವಾರ ಕಾರ್ಡ್ ತೆಗೆಸಿ ನೋಡ್ತಿದ್ದೆ. ಹಾಕಿಸಿದ್ದಾರೆ ಅಂತ ನಿಮ್ಮ ಟಿಕ್ ಇತ್ತಲ್ಲ."

ಮಂಗಳಾ ಬಂದ ದಾರಿಯಲ್ಲೇ ತಿರುಗಿ ತುಮಕೂರಿನ ಬಸ್ಸು ಹತ್ತಿದಳು.

ಮೂರು ಬಾಟಲಿ ರಕ್ತ ಏರಿಸಿದ ಮೇಲೆ ಹೆರಿಗೆಯಾಗಿ ತಾಯಿ, ಮಗು ಇಬ್ಬರೂ ಉಳಿದರು. ವಾರ್ಡಿನಲ್ಲಿ ಕಮಲಾಕ್ಷಮ್ಮ ಎಲ್ಲರ ಮುಂದೆಯೂ ಗೌರೀಶನ ವಂಶವನ್ನೇ ಜಾಲಾಡುತ್ತಿದ್ದಳು.

"ಅವನದೇನೂ ತಪ್ಪಿಲ್ಲ ಕಮಲಾಕ್ಷಮ್ಮನೋರೆ," ಎಂದಳು ಮಂಗಳಾ. "ಯಾವ ಸೂಜಿ ಅಂತ ಕೇಳ್ದೆ ಟಿಕ್ ಹಾಕಿದ ಮುಂಡೇದು ನಾನು. ಬೈಯೋದಾದ್ರೆ ನನ್ನ ಬೈರಿ."

ಕಮಲಾಕ್ಷಮ್ಮ ಅವಳ ಕೈ ಹಿಡಿದುಕೊಂಡಳು. "ನಿಂದು ದೊಡ್ಡಗುಣ ಬುಡಮ್ಮ. ಅವ್ನು ಕೊಲೆಗಡುಕ ಅಂತ ನೀನು ಮೊದಲೇ ಬಡ್ಕೊಂಡೆ, ನಾವು ಕೇಳಲಿಲ್ಲ. ನಮ್ಮ ಹುಡುಗ್ರು ಈಗ ಮಧುಗಿರಿಗೆ ಹೋದ್ರು, ಅವ್ನ ಕೈ ಮುರ್ಯಕ್ಕೆ."