ಅವ್ವನ ಕರೆಂಟ್ ಕೌದಿ

ಇಳಕಲ್ಲಿನಲ್ಲಿ ಕರೆಂಟ್ ಕಂಬಳಿ ಕೊಂಡವರನ್ನು ಜನ ಹೇಗೆ ನೋಡುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಕೊಂಡವಳು ನಾನೇ. ವರ್ಷದಲ್ಲಿ ಒಂಬತ್ತು ತಿಂಗಳು ಇಲ್ಲಿನ ಅಂಗಳದ ಕಲ್ಲಿನ ಮೇಲೆ ಬರಿಗಾಲು ಇಡುವಂತಿಲ್ಲ. ಉಳಿದ ಮೂರು ತಿಂಗಳು ಬೆಳಗಿನ ಹೊತ್ತು ಒಂದಿಷ್ಟು ಥಂಡಿ ಬಿದ್ದರೆ ಸಾಕು, ಗಂಡಸರು ಮಫ್ಲರ್ ಸುತ್ತಿಕೊಂಡು ಹಿಮಾಲಯದಿಂದ ಈಗಷ್ಟೇ ಇಳಿದವರಂತೆ ಚಹಾ ಅಂಗಡಿಯ ಮುಂದೆ ನಿಲ್ಲುತ್ತಾರೆ. ಇಂಥ ಊರಿಗೆ ನಾನು ಬಾಗಲಕೋಟೆಯಿಂದ ಕಂಬಳಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಹುನಗುಂದದಲ್ಲಿ ಹತ್ತಿ ಪಕ್ಕದಲ್ಲಿ ಕುಳಿತ ಹೆಂಗಸು ಡಬ್ಬಿಯ ಚಿತ್ರ ನೋಡಿದಳು.

"ಯಾರಿಗ್ರಿ ಇದು, ಬಾಣಂತಿಗೇನ್ರಿ?"

"ಅಲ್ರಿ, ನಮ್ಮವ್ವಗ. ಆಕಿ ಕಾಲು ಭಾಳ ತಣ್ಣಗಾಗತಾವ."

"ಕಾಲಚೀಲ ಹಾಕ್ರಿ" ಎಂದು ಹೇಳಿ ಕಿಟಕಿಯ ಕಡೆ ತಿರುಗಿಬಿಟ್ಟಳು.

ಕಾಲಚೀಲ ನಾವೂ ಹಾಕಿ ನೋಡಿದ್ದೆವು. ಎಪ್ಪತ್ತು ದಾಟಿದ ಅವ್ವ ನನ್ನ ಜೊತೆಗೇ ಇದ್ದಾಳೆ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ, ಅದಕ್ಕಿಂತ ಬಹಳ ವರ್ಷಗಳಿಂದ ಹಟ. ಆ ಚಳಿಗಾಲದಲ್ಲಿ ಅವಳ ಪಾದಗಳು ಬೆಚ್ಚಗಾಗುವುದನ್ನೇ ಮರೆತಿದ್ದವು. ಪಾದ ಬೆಚ್ಚಗಾಗದೆ ಅವಳಿಗೆ ನಿದ್ದೆಯಿಲ್ಲ, ಅವಳಿಗೆ ನಿದ್ದೆಯಿಲ್ಲದಿದ್ದರೆ ಬೆಳಗಾಗುತ್ತಲೇ ನನಗೆ ಮಂಗಳಾರತಿ. ಹೇಗಾದರೂ ಮಾಡಿ ಆ ಎರಡು ಪಾದಗಳನ್ನು ಬೆಚ್ಚಗಿಡಲೇಬೇಕು ಎಂದು ನಾನು ಹಟ ತೊಟ್ಟಿದ್ದೆ. ಹಟ ನಮ್ಮ ಮನೆತನದ ಆಸ್ತಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹೀಗಾಗಿ ಕಂಬಳಿ ಹಾಸುವ ಮೊದಲು ಅವ್ವನಿಗೊಂದು ಪಾಠ ಆಗಲೇಬೇಕಿತ್ತು.

"ಇದರಾಗ ಬೆಂಕಿ ಎಲ್ಲೈತಿ?" ಎಂದಳು.

"ಬೆಂಕಿ ಇಲ್ಲವ್ವಾ. ಒಳಗ ಸಣ್ಣ ತಂತಿ ಅದಾವು. ಬಸ್ ಬಂದ ಕೂಡಲೇ ಮಂದಿ ಒಂದ ಬಾಗಲದಾಗ ಹೆಂಗ ನುಗ್ಗತಾರ? ಹಂಗ ಕರೆಂಟು ಆ ತಂತ್ಯಾಗ ನುಗ್ಗತೈತಿ. ದಾರಿ ಇಕ್ಕಟ್ಟು, ಡಿಕ್ಕಿ ಹೊಡಕೋತ ಹೋಗಬೇಕು. ಆ ತಿಕ್ಕಾಟಕ್ಕ ತಂತಿ ಬಿಸಿ ಆಗತೈತಿ. ಕರೆಂಟಿನ ಶಕ್ತಿನ ಶಾಖ ಆಗತೈತಿ."

ಅವ್ವ ಯೋಚಿಸಿದಳು. "ಅಷ್ಟ ಮಂದಿ ನನ್ನ ಕೆಳಗ ಜಗಳಾಡಿದ್ರ ನನಗ ನಿದ್ದಿ ಹೆಂಗ ಬರಬೇಕು?"

ಇಪ್ಪತ್ತು ವರ್ಷಗಳಲ್ಲಿ ನನ್ನ ಯಾವ ವಿದ್ಯಾರ್ಥಿಯೂ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ. ನಾನು ನೇರವಾಗಿ ನಿಯಮಗಳಿಗೆ ಹಾರಿದೆ. ಮಡಚಬಾರದು, ಸುರುಳಿ ಸುತ್ತಿಡಬೇಕು, ಇಲ್ಲದಿದ್ದರೆ ಒಳಗಿನ ತಂತಿ ಮುರಿಯುತ್ತದೆ. ನೀರು ತಾಗಿಸಬಾರದು, ಪಿನ್ನು ಚುಚ್ಚಬಾರದು, ಮೇಲೆ ಭಾರ ಹೇರಬಾರದು. ಮಲಗುವ ಅರ್ಧ ತಾಸು ಮೊದಲು ಸ್ವಿಚ್ಚಿನ ಮೂರು ನಂಬರುಗಳಲ್ಲಿ ಕಡಿಮೆ ಬಿಸಿಯ ಒಂದನೆಯದಕ್ಕೆ ಹಚ್ಚಿ, ಹಾಸಿಗೆ ಕಾದ ಮೇಲೆ ಸ್ವಿಚ್ ಆರಿಸಿ ಮಲಗಬೇಕು. ಡಬ್ಬಿಯಲ್ಲಿದ್ದ ಕಾಗದದ ಮೊದಲ ಪುಟದಲ್ಲಿ ಇಷ್ಟು ಇತ್ತು. ಹಿಂದಿನ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರಗಳಿದ್ದವು. ವಿಜ್ಞಾನದ ಟೀಚರ್‌ಗೆ ಇದನ್ನೆಲ್ಲ ಯಾರು ಹೇಳಿಕೊಡಬೇಕು ಎಂದು ಅದನ್ನು ಓದದೆ ಮಡಚಿ ಪರ್ಸಿನಲ್ಲಿಟ್ಟೆ.

ಒಂದು ವಾರ ಕಳೆಯಿತು. ಹ್ಯಾಂಗೈತಿ ಎಂದರೆ ಅವ್ವ ದಿನವೂ "ಭೇಷೈತಿ" ಎನ್ನುತ್ತಿದ್ದಳು. ಭಾನುವಾರ ನಾನು ತರಬೇತಿಗೆಂದು ಬಾಗಲಕೋಟೆಗೆ ಹೋಗಿ ಸಂಜೆ ಮನೆಗೆ ಬಂದರೆ ಅಡುಗೆಮನೆಯಿಂದ ಹೋಳಿಗೆಯ ವಾಸನೆ. ಮಂಚದ ಮೇಲೆ ಕರೆಂಟ್ ಕಂಬಳಿ ಇರಲಿಲ್ಲ, ಅದರ ಜಾಗದಲ್ಲಿ ಒಂದು ಕೌದಿ ಇತ್ತು. ಕೌದಿಯ ಮೂಲೆಯಿಂದ ವೈರು ಹೊರಗೆ ಬಂದಿತ್ತು.

ಅವ್ವ ಮತ್ತು ಪಕ್ಕದ ಮನೆಯ ಮುದುಕಿ ಸೇರಿಕೊಂಡು, ಕಂಬಳಿಯ ಎರಡೂ ಬದಿಗೆ ಹಳೆಯ ಇಳಕಲ್ಲ ಸೀರೆ ಹಚ್ಚಿ, ಈ ತುದಿಯಿಂದ ಆ ತುದಿಗೆ ಸಾಲುಸಾಲಾಗಿ ಸೂಜಿ ಓಡಿಸಿದ್ದರು. ಕೌದಿ ಮುಗಿದಾಗ ಅದರ ಮೂಲೆಯಲ್ಲಿ ಹೋಳಿಗೆಯ ಚೂರು ಇಟ್ಟು ಹೊಲಿಯುವುದು ಅವ್ವನ ಪದ್ಧತಿ. ಕೌದಿಯ ಹೊಟ್ಟೆ ಹಸಿದಿರಬಾರದಂತೆ. ತುಪ್ಪ ಸವರಿದ ಹೋಳಿಗೆಯನ್ನು ಕರೆಂಟಿನ ಹೊಟ್ಟೆಗೂ ತುಂಬಿದ್ದರು.

"ಅವ್ವಾ, ಪಿನ್ನು ಸೈತ ಚುಚ್ಚಬಾರದು ಅಂದಿದ್ದೆ!"

"ಪಿನ್ನು ಎಲ್ಲಿ ಚುಚ್ಚೇವಿ? ಸೂಜಿ ಅದು. ತಂತಿ ಮುಟ್ಟಿ ನೋಡಿ, ಅದನ್ನ ಬಿಟ್ಟ ಹೊಲದೇನಿ."

"ಯಾಕ ಹೊಲಿಬೇಕಿತ್ತು?"

ಅವ್ವ ಕೌದಿಯ ಅಂಚು ಸವರಿದಳು. "ಬಿಸಿನ ಆಗಂಗಿಲ್ಲವಾ ಅದು. ಒಂದ ಹಚ್ಚಿದೆ, ಎರಡ ಹಚ್ಚಿದೆ, ಮೂರ ಹಚ್ಚಿಕೊಂಡ ಮಲಕೊಂಡೆ. ನೀ ಪ್ರೀತಿಲೆ ತಂದೀಯಂತ ಭೇಷೈತಿ ಅಂದೆ. ಮ್ಯಾಲ ಕೌದಿ ಹಾಕಿದ್ರರ ಬೆಚ್ಚಗಾದೀತು ಅಂತ ಮಾಡಿದೆ."

ನನಗೆ ಅಂಗಡಿಯವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೆಟ್ಟ ಮಾಲು ಕೊಟ್ಟು ನನ್ನ ತಾಯಿಯ ಕಾಲು ತಣ್ಣಗೇ ಉಳಿಸಿದ್ದಾನೆ! ಮರುದಿನ ಬೆಳಿಗ್ಗೆ ಶಾಲೆಗೆ ರಜೆ ಹಾಕಿ, ಕೌದಿಯನ್ನು ಸುರುಳಿ ಸುತ್ತಿ, ಊರಿನ ಮೋಟರ್ ರಿಪೇರಿಯವನ ಹತ್ತಿರ ಒಯ್ದೆ.

ಅವನು ಮೂಲೆಯ ಹೊಲಿಗೆ ಬಿಚ್ಚಿದ. ಇರುವೆಗಳ ಮೆರವಣಿಗೆ ಹೊರಟಿತು, ಹಿಂದೆಯೇ ಹೋಳಿಗೆ ಬಂತು. ಅವನು ಹೋಳಿಗೆಯನ್ನೂ ನನ್ನನ್ನೂ ಒಮ್ಮೆ ನೋಡಿದ. ನಾನು ವಿಜ್ಞಾನದ ಟೀಚರ್ ಎಂದು ಅವನಿಗೆ ಗೊತ್ತಿದ್ದದ್ದೇ ದೊಡ್ಡ ಅವಮಾನ. ಉಳಿದ ಹೊಲಿಗೆಯನ್ನೂ ಬಿಚ್ಚಿ, ಮೀಟರ್ ಹಚ್ಚಿ, ಬೆರಳಿನಿಂದ ತಂತಿಯುದ್ದಕ್ಕೂ ತಡವಿದ. ಅವ್ವನ ಸೂಜಿ ಎಲ್ಲಿಯೂ ತಂತಿಗೆ ತಾಗಿರಲಿಲ್ಲ. ಆಮೇಲೆ ಮೂರನೇ ನಂಬರಿಗೆ ಹಚ್ಚಿದ.

"ಕೈ ಇಡ್ರಿ ಟೀಚರ್ರ."

ಇಟ್ಟೆ. ಸ್ವಲ್ಪ ಹೊತ್ತಿಗೆ ಹಿತವಾಯಿತು, ಇನ್ನೂ ಸ್ವಲ್ಪ ಹೊತ್ತಿಗೆ ತಡೆಯಲಾರದೆ ಕೈ ತೆಗೆದೆ.

"ಮಾಲಿಗೆ ಏನೂ ಆಗಿಲ್ರಿ. ಮೂರಕ್ಕ ಇಟ್ಟರ ಇದರ ಮ್ಯಾಲ ಯಾರೂ ಮಲಗಾಕ ಆಗೂದಿಲ್ಲ."

ಅವ್ವ ಮಲಗಿದ್ದಳಲ್ಲ! ಪರ್ಸಿನಿಂದ ಕಾಗದ ತೆಗೆದು, ಅವನ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಹಿಂದಿನ ಪುಟ ಓದಿದೆ. ಕೂಸುಗಳಿಗೆ ಬಳಸಬಾರದು. ಸಕ್ಕರೆ ಕಾಯಿಲೆಯಿಂದ ಸ್ಪರ್ಶಜ್ಞಾನ ಕುಂದಿದವರಿಗೆ ಬಳಸಬಾರದು, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಕಂಬಳಿ ಅಲ್ಲಿಯೇ ಬಿಟ್ಟು ಮನೆಗೆ ಓಡಿದೆ.

ಅವ್ವ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಮೊರ ಸರಿಸಿ ಅವಳ ಪಾದ ಎತ್ತಿ ನೋಡಿದೆ. ಎಡ ಹಿಮ್ಮಡಿಯ ಮೇಲ್ಗಡೆ ಚರ್ಮ ಕೆಂಪಾಗಿ, ನಡುವೆ ಗುಳ್ಳೆ ಎದ್ದು ಒಡೆದಿತ್ತು.

"ಇದು ಯಾವಾಗ ಆತವ್ವಾ?"

"ಯಾವುದು?" ಎಂದು ಬಗ್ಗಿ ನೋಡಿದಳು. ನನ್ನ ಹಾಗೆಯೇ ಅವಳೂ ಅದನ್ನು ಮೊದಲ ಸಲ ನೋಡುತ್ತಿದ್ದಳು. "ಏನರ ಕಡದಿರಬೇಕು ತಗೋ."

ಕಣ್ಣು ಮುಚ್ಚಲು ಹೇಳಿದೆ. ಅವಳ ಕಾಲಿನ ಕಿರುಬೆರಳನ್ನು ಹಿಡಿದು ಒತ್ತಿದೆ, ಮತ್ತೂ ಜೋರಾಗಿ ಒತ್ತಿದೆ.

"ಯಾವ ಬೆರಳು ಹಿಡದೇನಿ ಹೇಳು."

ಅವ್ವ ಹುಬ್ಬು ಗಂಟಿಕ್ಕಿ, ಮೌಖಿಕ ಪರೀಕ್ಷೆಗೆ ನಿಂತ ಹುಡುಗಿಯಂತೆ ಯೋಚಿಸಿದಳು.

"ಹೆಬ್ಬೆಟ್ಟು."

ಅವಳ ಕಾಲನ್ನು ನನ್ನ ತೊಡೆಯ ಮೇಲೆ ಎಳೆದುಕೊಂಡೆ. ತಪ್ಪಾಯಿತೆಂದು ಅವಳಿಗೆ ಅದರಿಂದಲೇ ತಿಳಿಯಿತು. ಕಣ್ಣು ಇನ್ನೂ ಮುಚ್ಚಿಕೊಂಡೇ, ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು: "ಇನ್ನೊಮ್ಮೆ ಕೇಳು. ಈ ಸಲ ಬರೋಬ್ಬರಿ ಹೇಳ್ತೇನಿ."