ಹನ್ನೆರಡನೆಯ ಹೆಸರು

ವಿಲ್ಗಾ ಬೇ ಊರಿನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಡಾಕ್ಟರುಗಳು ಸವೆದ ಸೊಂಟದ ಕೀಲು ತೆಗೆದು ಹೊಸದು ಕೂರಿಸಿದರು. ನರ್ಸ್ ಗ್ಲೆನಿಸ್ ಹಾರ್ಟ್‌ವಿಗ್ ಚೀಟಿ ಅಂಟಿಸಿದಳು. ಅದೇನು ಮಹಾ ಅನ್ನಬೇಡಿ. ಕೀಲಿನ ಪ್ರತಿ ಪೆಟ್ಟಿಗೆಯಲ್ಲೂ ನಂಬರಿನ ಚೀಟಿಗಳಿರುತ್ತವೆ. ಒಂದು ರೋಗಿಯ ಕಡತಕ್ಕೆ, ಇನ್ನೊಂದು ಅಡಿಲೇಡಿನ ದಾಖಲೆ ಕಚೇರಿಗೆ ಹೋಗುವ ಕಾಗದಕ್ಕೆ. ದೇಶದ ಚೀಟಿಗಳೆಲ್ಲ ಅಲ್ಲಿ ಸೇರಿದಾಗಲೇ ಯಾವ ಕೀಲು ಬಾಳುತ್ತದೆ, ಯಾವುದು ಕೈಕೊಡುತ್ತದೆ ಎಂದು ತಿಳಿಯುವುದು. ಓರೆಯಾಗಿ ಅಂಟಿಸಿದವರ ಮೇಲೆ ಗ್ಲೆನಿಸ್ ಹರಿಹಾಯುತ್ತಿದ್ದಳು. "ಡಾಕ್ಟ್ರು ಮರೀತಾರೆ, ಚೀಟಿ ಮರೆಯಲ್ಲ" ಎನ್ನುವುದು ಅವಳ ಮಂತ್ರ.

ನಿವೃತ್ತಿಗೆ ಐದು ವಾರವಿದ್ದಾಗ ಅಡಿಲೇಡಿನಿಂದ ಪತ್ರ ಬಂತು. ಸೊಂಟದ ಮೂಳೆಯೊಳಗೆ ಕೂರಿಸುವ ಒಂದು ಬಗೆಯ ಲೋಹದ ಬಟ್ಟಲು ಎಲ್ಲೆಡೆ ಬೇಗ ಸವೆಯುತ್ತಿದೆ, ಸುತ್ತಲಿನ ಮಾಂಸವನ್ನೂ ಕೆಡಿಸುತ್ತಿದೆ. ಹಾಕಿಸಿಕೊಂಡವರನ್ನು ತಕ್ಷಣ ಕರೆಸಿ ಎಂದಿತ್ತು. ಕೆಳಗೆ ಹನ್ನೊಂದು ಹೆಸರು.

"ಎಲ್ರಿಗೂ ಫೋನ್ ಮಾಡಿ ಸಿಸ್ಟರ್," ಎಂದು ಡಾಕ್ಟರ್ ಕಲ್ಲಿಸ್ ಪಟ್ಟಿ ಕೊಟ್ಟರು.

ಆರನೆಯದಾಗಿ ಒಬ್ಬ ಮುದುಕನ ಹೆಸರು ಬಂದಾಗ ಗ್ಲೆನಿಸ್ ಫೋನ್ ಕೆಳಗಿಟ್ಟಳು. ಆ ಮುದುಕನಿಗೆ ಆಪರೇಷನ್ ಆದ ದಿನವೇ ಅವಳ ಗೆಳತಿ ನೋಲಾ ಫೈಫರಳಿಗೂ ಆಗಿತ್ತು. ನೋಲಾಳಿಗೆಂದು ತೆರೆದ ಬಟ್ಟಲು ಜಾರಿ ನೆಲಕ್ಕೆ ಬಿದ್ದಿತ್ತು. ಆ ಅಳತೆಯಲ್ಲಿ ಉಳಿದಿದ್ದುದು ಬೇರೆ ಕಂಪನಿಯದು, ಈಗ ಪತ್ರದಲ್ಲಿರುವುದು. ಅದನ್ನೇ ಹಾಕಿದರು. ಅಂದು ಮೇಜಿನ ಮೇಲಿದ್ದುದು ಎರಡು ಪೆಟ್ಟಿಗೆ. ಅಂಟಿಸಿದ್ದು ಯಾವುದರ ಚೀಟಿ?

ಓಡಿಹೋಗಿ ನೋಲಾಳ ಕಡತ ತೆಗೆದಳು. ಚೀಟಿ ನೆಟ್ಟಗೆ, ಅಂದವಾಗಿ ಅಂಟಿತ್ತು. ಅದು ನೆಲಕ್ಕೆ ಬಿದ್ದ ಬಟ್ಟಲಿನದು.

ಆನೆಯಂಥದ್ದೂ ಮುಗ್ಗರಿಸುತ್ತದೆ, ನಿಜ. ಆದರೆ ವರ್ಷದಿಂದ ನೋಲಾ ನೋವು ನೋವು ಎನ್ನುತ್ತಿದ್ದಾಗ, ಹುಲ್ಲಿನ ಮೇಲೆ ಚೆಂಡುರುಳಿಸುವ ಬೌಲ್ಸ್ ಆಟದ ಕ್ಲಬ್ಬಿನಲ್ಲಿ ಎಲ್ಲರೆದುರು ಬಾಯಿ ಮುಚ್ಚಿಸಿದ್ದವಳು ಇವಳೇ: "ನಿಂಗೆ ಹಾಕಿರೋದು ಒಳ್ಳೇ ಕಂಪನೀದು ಕಣೇ. ಚೀಟಿ ನಾನೇ ಅಂಟಿಸಿದ್ದೀನಿ. ಸೋತಾಗೆಲ್ಲ ಸೊಂಟದ ಮೇಲೆ ಹಾಕ್ಬೇಡ."

ಸುಮ್ಮನಿದ್ದರೆ ಯಾರಿಗೂ ತಿಳಿಯದು. ಐದೇ ವಾರ. ಗ್ಲೆನಿಸ್ ಕಡತ ಮುಚ್ಚಿದಳು, ಮತ್ತೆ ತೆರೆದಳು. ಕೊನೆಗೆ ಅದನ್ನು ಡಾಕ್ಟರರ ಮೇಜಿನ ಮೇಲಿಟ್ಟಳು.

"ಹನ್ನೆರಡನೇ ಹೆಸ್ರು ಬರ್ಕೊಳ್ಳಿ. ನೋಲಾ ಫೈಫರ್."

"ಪಟ್ಟಿಲಿಲ್ವಲ್ಲ?"

"ನನ್ನಿಂದ ಇಲ್ಲ, ಡಾಕ್ಟ್ರೇ. ತಪ್ಪು ಚೀಟಿ ಅಂಟಿಸಿದ್ದು ನಾನು."

ಅವರು ನೋಲಾಳ ಎಕ್ಸ್‌ರೇ ಹಿಡಿದು ನೋಡಿದರು. ಪತ್ರದಲ್ಲಿದ್ದ ಬಟ್ಟಲೇ.

ಗ್ಲೆನಿಸ್ ಫೋನಿನಲ್ಲಿ ಹೇಳಿದ್ದನ್ನೆಲ್ಲ ನೋಲಾ ಕೇಳಿಸಿಕೊಂಡಳು. "ನನ್ ತಲೇನೇ ಕೆಟ್ಟಿದೆ ಅಂದ್ಕೊಂಡಿದ್ದೆ ಕಣೇ, ಒಂದು ವರ್ಷ," ಎಂದು ಇಟ್ಟುಬಿಟ್ಟಳು.

ಮರು ಆಪರೇಷನ್ನಿಗೆ ಅವಳು ಎರಡು ಷರತ್ತು ಹಾಕಿದಳು: ತಾನು ಎಚ್ಚರವಾಗಿರುವಂತೆ ಸೊಂಟದ ಕೆಳಗಷ್ಟೇ ಮರಗಟ್ಟಿಸಬೇಕು, ಚೀಟಿ ಗ್ಲೆನಿಸಳೇ ಅಂಟಿಸಬೇಕು.

ಆಪರೇಷನ್ನಿನ ದಿನ ಹೊಸ ಬಟ್ಟಲು ಕೂತಿತು. ಗ್ಲೆನಿಸ್ ಚೀಟಿ ಕಿತ್ತುಕೊಂಡಾಗ ಹಸಿರು ಪರದೆಯಾಚೆಯಿಂದ ದನಿ ಬಂತು.

"ಗಟ್ಟಿಯಾಗಿ ಓದು."

ಗ್ಲೆನಿಸ್ ನಂಬರು ಓದಿದಳು.

"ಇನ್ನೊಂದ್ಸಲ," ಎಂದಳು ನೋಲಾ.