ನೀಲಿ ಕ್ಯಾನಿನ ನೀರು

ಅಂಬಲಿ ಮಾರಲು ಕೂರುವ ಮೊದಲು ನೀಲಾವತಿ ಬದನಗುಪ್ಪೆಯ ಒಂದು ಬಟ್ಟೆ ಕಾರ್ಖಾನೆಯಲ್ಲಿ ನಾಲ್ಕು ವರ್ಷ ಷರ್ಟಿನ ಕಾಲರ್ ಹೊಲಿದವಳು. ತಗಡಿನ ಚಾವಣಿಯ ಕೆಳಗೆ ಏಪ್ರಿಲ್ ಬಂತೆಂದರೆ ದಿನಕ್ಕೊಬ್ಬಳಾದರೂ ತಲೆ ಸುತ್ತಿ ಮಿಷನ್ನಿನ ಮೇಲೆ ಒರಗುತ್ತಿದ್ದಳು. ನೀಲಾವತಿಗೆ ಹಾಗಾಗುತ್ತಿರಲಿಲ್ಲ. ಅವಳ ಅತ್ತೆ ದೊಡ್ಡಮಾದಮ್ಮ ದಿನಾ ಒಂದು ಬಾಟಲಿ ಹುಳಿ ಅಂಬಲಿ ಕೊಟ್ಟು ಕಳಿಸುತ್ತಿದ್ದಳು. ಪಕ್ಕದವರು ಒಂದೊಂದು ಗುಟುಕು ಕೇಳಿ ಕುಡಿದರು, ಆಮೇಲೆ ನಮಗೂ ತಾ ಅಂದರು. ಕಾಲು ಊದಿಕೊಂಡು ಕೆಲಸ ಬಿಟ್ಟ ಮೇಲೆ ಅವಳು ಅದೇ ಕಾರ್ಖಾನೆಯ ಗೇಟಿನೆದುರು ಹೊಂಗೆಮರದ ಕೆಳಗೆ ಮಡಕೆ ಇಟ್ಟುಕೊಂಡು ಕುಳಿತಳು.

ಸಂಜೆ ರಾಗಿಹಿಟ್ಟನ್ನು ನೀರಲ್ಲಿ ಕದಡಿ ಮುಚ್ಚಿಡುವಳು. ಬೆಳಗಾಗುವಷ್ಟರಲ್ಲಿ ಅದು ಸಣ್ಣಗೆ ನೊರೆಯೆದ್ದು ಹುಳಿಯ ವಾಸನೆ ಬಿಡುತ್ತಿತ್ತು. ಗಂಟಾಗದಂತೆ ಕಾಯಿಸಿ, ಆರಿದ ಮೇಲೆ ಮಜ್ಜಿಗೆ, ತಣ್ಣೀರು, ಹೆಚ್ಚಿದ ಸಣ್ಣ ಈರುಳ್ಳಿ, ಕರಿಬೇವು ಬೆರೆಸುವಳು. ನಂಚಿಕೊಳ್ಳಲು ಒಂದು ದಿನ ಸೌತೆಕಾಯಿ ಕೋಸಂಬರಿ, ಇನ್ನೊಂದು ದಿನ ನುಗ್ಗೆಸೊಪ್ಪಿನ ಪಲ್ಯ. ಸಂತೆಮರಹಳ್ಳಿಯಲ್ಲಿ ಒಳ್ಳೆಯ ಬೂದುಗುಂಬಳ ಸಿಕ್ಕಿದ ವಾರ ಅದರ ಮಜ್ಜಿಗೆಹುಳಿ. ಮನೆಯಿಂದ ಹೊರಡುವ ಮುಂಚೆ ಅತ್ತೆಗೊಂದು ಲೋಟ ಕೊಟ್ಟು ತಾನೊಂದು ಲೋಟ ಕುಡಿಯುವುದು ಅವಳ ರೂಢಿ.

ಕಳೆದ ಬೇಸಿಗೆಯ ಒಂದು ಗುರುವಾರ ಮಡಕೆ ಬೇಗ ಬರಿದಾಯಿತು. ಹೊಲಿಗೆ ಸಾಲಿನ ಐದು ತಿಂಗಳ ಬಸುರಿ ರಂಜಿನಿ ಎರಡನೇ ಲೋಟ ಕೇಳಿ ಕುಡಿದಿದ್ದಳು. ಎರಡು ಗಂಟೆಗೆ ಮನೆಗೆ ಬಂದ ನೀಲಾವತಿ ಮಡಕೆ ತೊಳೆಯಲು ಹಿತ್ತಲಿಗೆ ಹೋದಾಗ ಒಗೆಯುವ ಕಲ್ಲಿನ ಪಕ್ಕ ನೀಲಿ ಕ್ಯಾನೊಂದು ಕಂಡಿತು. ಗಂಡ ಶಾಂತರಾಜು ಆಗತಾನೆ ಹೊಲದಿಂದ ಬಂದು ಕೈಕಾಲು ತೊಳೆಯುತ್ತಿದ್ದ.

“ಇದ್ಯಾಕ್ ಇಲ್ಲಿ ಅದೆ?” ಎಂದು ಕೇಳಿದಳು.

“ನಲ್ಲೀಲಿ ನೀರ್ ಬರ್ನಿಲ್ವಲ್ಲ. ಬೆಳಿಗ್ಗೆ ಬೋರಿಂದ ಇದ್ರಲ್ಲೇ ತಂದು ಅಡ್ಗೆಮನೆ ನೀರಿನ್ ದಪ್ಪಲೆಗೆ ಹುಯ್ದೆ.”

“ಚೆಂಡೂವ್ಗೆ ಹೊಡ್ಯಾ ಔಷ್ದಿ ಬೆರಸ್ತಿದ್ದ ಕ್ಯಾನಲ್ವಾ ಇದು?”

ಶಾಂತರಾಜು ಕ್ಯಾನನ್ನು ತಿರುಗಿಸಿ ನೋಡಿದ. ಉಜ್ಜಿ ಹರಿದುಹೋದ ಚೀಟಿಯ ಒಂದು ತುಂಡು ಇನ್ನೂ ತಳದಲ್ಲಿ ಅಂಟಿಕೊಂಡಿತ್ತು.

ಆ ದಪ್ಪಲೆಯ ನೀರನ್ನೇ ಅವಳು ಬೆಳಿಗ್ಗೆ ಅಂಬಲಿಗೆ ಬೆರೆಸಿದ್ದಳು. ನಾಲಿಗೆಯ ತುದಿಯಲ್ಲಿ ಏನೋ ಕಹಿಯಿದ್ದಂತೆ ಅನಿಸಿತು. ಅದು ಬೆಳಿಗ್ಗೆಯಿಂದಲೂ ಇತ್ತೋ ಈಗ ಬಂತೋ ಗೊತ್ತಾಗಲಿಲ್ಲ. ಒಳಗೆ ಓಡಿದಳು. ದೊಡ್ಡಮಾದಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು. ಮುದುಕಿ ಕಣ್ಣು ಬಿಟ್ಟು, “ಏನಮ್ಮಿ?” ಅಂದಳು.

“ಹೊಟ್ಟೆ ನೋಯ್ತದಾ ಅತ್ತೆ?”

“ನಿದ್ದೆ ಬತ್ತದೆ, ಬುಡು.”

ಹೊರಗೆ ಬಂದಾಗ ಶಾಂತರಾಜು ದಾರಿಗೆ ಅಡ್ಡ ನಿಂತಿದ್ದ. “ನಾಕ್ ಸಲ ತೊಳ್ದಿದ್ದೆ ಕಣೆ. ಯಾರ್ಗೂ ಏನೂ ಆಗಾಕಿಲ್ಲ. ನೀನೇ ಹೋಗಿ ಹೇಳ್ಬುಟ್ರೆ ಪೊಲೀಸ್ನೋರು ಬತ್ತರೆ.”

“ಬರ್ಲಿ. ಆ ಹೆಣ್ಣು ಬಸ್ರಿ.”

ಕ್ಯಾನನ್ನು ಚೀಲಕ್ಕೆ ತುರುಕಿ ಸ್ಕೂಟಿ ಹತ್ತಿದಳು. ದಾರಿಯುದ್ದಕ್ಕೂ ಎದುರಿಂದ ಬರುವ ಪ್ರತಿ ಗಾಡಿಯೂ ಆಂಬುಲೆನ್ಸಿನಂತೆ ಕಂಡಿತು. ಕಾರ್ಖಾನೆಯ ಗೇಟಿನಲ್ಲಿ ಯಾವ ಗದ್ದಲವೂ ಇರಲಿಲ್ಲ. ಆ ನಿಶ್ಶಬ್ದವೇ ಅವಳಿಗೆ ಇನ್ನಷ್ಟು ಭಯ ಹುಟ್ಟಿಸಿತು.

ಸೂಪರ್‌ವೈಸರ್ ಗುರುಪಾದಸ್ವಾಮಿ ಅವಳಿಗೆ ಹಳೆಯ ಪರಿಚಯದವರು. ಅವರ ಮುಂದೆ ಕ್ಯಾನ್ ಇಟ್ಟು, “ಸಾ, ಮದ್ಯಾನ ನನ್ತಾವ ಅಂಬ್ಲಿ ಕುಡ್ದವ್ರ್ನೆಲ್ಲ ಆಸ್ಪತ್ರೆಗ್ ಕಳ್ಸಿ. ನೀರು ಇದ್ರಲ್ಲಿ ತಂದಿದ್ದು. ಔಷ್ದಿ ಕ್ಯಾನು” ಅಂದಳು.

ಅವರು ಕುರ್ಚಿಯಿಂದ ಎದ್ದರು. ತಾವೂ ಒಂದು ಲೋಟ ಕುಡಿದಿದ್ದರು. ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು.

ಹೊಲಿಗೆ ಸಾಲಿನಲ್ಲಿ ರಂಜಿನಿಯ ಸ್ಟೂಲು ಖಾಲಿಯಿತ್ತು. “ಅವ್ಳು ವಾಂತಿ ಮಾಡ್ತಾವ್ಳೆ” ಎಂದು ಪಕ್ಕದವಳು ಹೇಳಿದಳು. ನೀಲಾವತಿ ಅಲ್ಲೇ ಬಟ್ಟೆಯ ಗಂಟಿನ ಮೇಲೆ ಕುಳಿತುಬಿಟ್ಟಳು. ಸುದ್ದಿ ಸಾಲಿನಿಂದ ಸಾಲಿಗೆ ಹರಿಯಿತು. ಒಬ್ಬಳಿಗೆ ಎದೆ ಹಿಡಿದಂತಾಯಿತು, ಇನ್ನೊಬ್ಬಳು ಅಳಲು ಶುರುಮಾಡಿದಳು. ಕಂಪನಿಯ ವ್ಯಾನಿನಲ್ಲಿ ಇಪ್ಪತ್ತಾರು ಜನರನ್ನು ಎರಡು ಸರದಿಯಲ್ಲಿ ಚಾಮರಾಜನಗರಕ್ಕೆ ಕರೆದೊಯ್ದರು. ರಂಜಿನಿಯ ಪಕ್ಕ ಕುಳಿತ ನೀಲಾವತಿಯನ್ನು ಯಾರೂ ಮಾತಾಡಿಸಲಿಲ್ಲ. ರಂಜಿನಿಯ ಕೈ ಮಾತ್ರ ಅವಳ ಮಣಿಕಟ್ಟನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದಿತ್ತು. ಭಯಕ್ಕೋ ಸಿಟ್ಟಿಗೋ ತಿಳಿಯಲಿಲ್ಲ. ಅಷ್ಟರಲ್ಲಿ ಶಾಂತರಾಜು ಕೂಡ ತಾಯಿಯನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟಿದ್ದ.

ಡಾಕ್ಟರು ಟಾರ್ಚು ಬಿಟ್ಟು ಒಬ್ಬೊಬ್ಬರ ಕಣ್ಣುಪಾಪೆ ನೋಡಿದರು, ನಾಡಿ ಹಿಡಿದರು, ರಕ್ತ ತೆಗೆಸಿದರು. ಕ್ಯಾನನ್ನು ಮೂಸಿ, “ಇದರಲ್ಲಿ ಔಷಧಿ ಕೊನೆಗೆ ಬೆರೆಸಿದ್ದು ಯಾವಾಗ?” ಎಂದು ಕೇಳಿದರು.

“ದಸ್ರಕ್ಕೆ ಮುಂಚೆ” ಎಂದ ಶಾಂತರಾಜು. “ಆಮೇಲೆ ಸೋಪಾಕಿ ತೊಳ್ದು ದನಕ್ಕೆ ನೀರ್ ಹೊತ್ತಿವ್ನಿ.”

ಎಲ್ಲರನ್ನೂ ಸಂಜೆಯವರೆಗೆ ಅಲ್ಲೇ ಉಳಿಸಿಕೊಂಡರು. ನೀಲಾವತಿ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗಿ ಮುಖ ನೋಡುತ್ತಿದ್ದಳು. ಯಾರಾದರೂ ಕೆಮ್ಮಿದರೆ ನಿಂತುಬಿಡುತ್ತಿದ್ದಳು. ಏಳು ಗಂಟೆ ಹೊತ್ತಿಗೆ ಡಾಕ್ಟರು ಯಾರಲ್ಲೂ ವಿಷದ ಲಕ್ಷಣವಿಲ್ಲವೆಂದು ಹೇಳಿದರು. ಮಗುವಿನ ಎದೆಬಡಿತವೂ ಸರಿಯಾಗಿತ್ತು. ರಂಜಿನಿಗೆ ಆ ತಿಂಗಳೆಲ್ಲ ಮಧ್ಯಾಹ್ನ ವಾಂತಿಯಾಗುತ್ತಿತ್ತಂತೆ. “ಈ ಸಲ ಬಚಾವಾದಿರಿ. ಔಷಧಿ ಹಾಕಿದ ಕ್ಯಾನನ್ನು ಎಷ್ಟು ತೊಳೆದರೂ ನೀರಿಗೆ ಬಳಸಬೇಡಿ” ಎಂದು ಡಾಕ್ಟರು ಗಂಡಹೆಂಡಿರಿಬ್ಬರನ್ನೂ ನಿಲ್ಲಿಸಿ ಗದರಿದರು.

ಹೊರಡುವಾಗ, ಸುದ್ದಿ ಕೇಳಿ ಬಂದಿದ್ದ ರಂಜಿನಿಯ ಗಂಡ ನೀಲಾವತಿಯ ಮುಖ ನೋಡದೆ ಹೋದ. ಗುರುಪಾದಸ್ವಾಮಿ ಮಾತ್ರ ಒಂದು ಗಳಿಗೆ ನಿಂತರು. “ನೀನು ಹೇಳದೆ ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲ” ಅಂದರು.

“ನಂಗ್ ಗೊತ್ತಾಗಿತ್ತಲ್ಲ ಸಾ” ಅಂದಳು ನೀಲಾವತಿ.

ಒಂದು ತಿಂಗಳು ಅವಳು ಗೇಟಿನ ಕಡೆ ಹೋಗಲಿಲ್ಲ. ಶಾಂತರಾಜು ಆ ಕ್ಯಾನನ್ನು ಯಾರೂ ಬಳಸದಂತೆ ಕುಡುಗೋಲಿನಿಂದ ಸೀಳಿಹಾಕಿದ. ಮತ್ತೆ ಕುಳಿತ ದಿನ ಮೂವರು ಬಂದರು, ಮಾರನೆಯ ದಿನ ಎಂಟು ಜನ. ಈಗ ಅವಳು ತಾನೇ ತಂದು ಕಾಯಿಸಿ ಆರಿಸಿದ ನೀರನ್ನಲ್ಲದೆ ಬೇರೆ ನೀರನ್ನು ಬೆರೆಸುವುದಿಲ್ಲ, ಆ ದಪ್ಪಲೆಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ರಂಜಿನಿ ಹೆರಿಗೆಗೆ ತವರಿಗೆ ಹೋಗಿ ಗಂಡುಮಗು ಹೆತ್ತಳೆಂದು ಕೇಳಿದ ದಿನ ನೀಲಾವತಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಮಡಕೆ ಖಾಲಿಯಾದರೂ ಅವಳು ಬೇಗ ಮನೆಗೆ ಹೊರಡುವುದಿಲ್ಲ. ಸಂಜೆ ಕೆಲಸ ಮುಗಿದು ಎಲ್ಲರೂ ತಮ್ಮ ತಮ್ಮ ಕಾಲಲ್ಲೇ ನಡೆದು ಗೇಟು ದಾಟುವುದನ್ನು ನೋಡಿದ ಮೇಲೆಯೇ ಏಳುತ್ತಾಳೆ.